ಬಿಗಿದ ಹರ್ನಿಯಾ: ತುರ್ತು ಶಸ್ತ್ರಚಿಕಿತ್ಸೆಯ ಮಾರ್ಗಗಳೂ ಕಾಫಿ ಮಲೆನಾಡಿನ ದಾರಿಗಳೂ

ಹೊಟ್ಟೆಯ ಗೋಡೆಯಲ್ಲಿ ದುರ್ಬಲವಾದ ಎಡೆಯೊಂದನ್ನು ಹಿಡಿದು ಕರುಳಾಗಲಿ ಕರುಳನ್ನು ಹೊದ್ದಿರುವ ಕೊಬ್ಬಿನ ಪೊರೆಯಾಗಲಿ ಹೊರಕ್ಕೆ ಉಬ್ಬಿ ಬರುವ ವಿಕಾರವನ್ನು ವೈದ್ಯರು ಹರ್ನಿಯಾ ಎನ್ನುತ್ತಾರೆ. ತೊಡೆಯ ಸಂದಿನಲ್ಲಿ ಕಾಣಿಸಿಕೊಳ್ಳುವುದೇ ಇದರ ಅತಿ ಸಾಮಾನ್ಯವಾದ ರೂಪ. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ಅಂತ್ರವೃದ್ಧಿ ಎಂದು ಕರೆದಿವೆ. ‘ಕರುಳು ಇಳಿದಿದೆ’ ಎಂದು ಜನ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಇದು ವೈದ್ಯರಿಗೆ ಸೇರಿದ ವಿಷಯವಷ್ಟೆ, ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇದಕ್ಕೇನು ಎಡೆ ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವಿಷ್ಟು: ಇಳಿದ ಕರುಳು ಬಿಗಿದುಕೊಂಡು ರೋಗಿಯನ್ನು ತುರ್ತಾಗಿ ಶಸ್ತ್ರಚಿಕಿತ್ಸೆಗೆ ಒಯ್ದಾಗ ವೈದ್ಯನ ಮುಂದೆ ಇರುವ ಮಾರ್ಗಗಳು ಒಂದೇ ಕಾಲದವಲ್ಲ. ೧೭೯೩ರಲ್ಲಿ ಪ್ರಕಟವಾದದ್ದು ಒಂದು, ೧೮೮೭ರದು ಇನ್ನೊಂದು, ೧೯೮೯ರದು ಮತ್ತೊಂದು, ಈ ಶತಮಾನದಲ್ಲಿ ಬಂದದ್ದು ಮಗದೊಂದು. ಇವುಗಳಲ್ಲಿ ಯಾವುದು ಒಬ್ಬ ರೋಗಿಯ ಪಾಲಿಗೆ ಬರುತ್ತದೆಂಬುದನ್ನು ವೈದ್ಯನ ಪಾಂಡಿತ್ಯಕ್ಕಿಂತ ಹೆಚ್ಚಾಗಿ, ಕರುಳು ಸಿಕ್ಕಿಕೊಂಡು ಎಷ್ಟು ಗಂಟೆ ಕಳೆದಿದೆಯೆಂಬುದೇ ನಿರ್ಧರಿಸುತ್ತದೆ. ಆ ಗಂಟೆಗಳನ್ನಾದರೋ ದಾರಿ, ಮಳೆ, ಕೂಲಿ, ಕಾಯಿದೆ ಇವು ನಿರ್ಧರಿಸುತ್ತವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಈ ಸಂಬಂಧ ಬಹಳ ಸ್ಪಷ್ಟವಾಗಿ ಕಾಣುವುದರಿಂದ ಈ ಪ್ರದೇಶವನ್ನೇ ಕಣ್ಣ ಮುಂದಿಟ್ಟುಕೊಂಡು ಇಲ್ಲಿ ವಿಷಯವನ್ನು ವಿವರಿಸಲಾಗಿದೆ.

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. ಗಂಡಸಿನಲ್ಲಿ ವೃಷಣಗಳು ಹುಟ್ಟುವ ಮೊದಲು ಹೊಟ್ಟೆಯೊಳಗಿದ್ದು, ಅನಂತರ ಸಂದಿನ ಓರೆಯಾದ ಹಾದಿಯೊಂದರ ಮೂಲಕ ಕೆಳಗಿಳಿಯುತ್ತವೆ. ಈ ಹಾದಿಗೆ ವಂಕ್ಷಣನಾಳವೆಂದು ಹೆಸರು. ವೃಷಣದ ರಕ್ತನಾಳಗಳೂ ವೀರ್ಯನಾಳವೂ ಅದರಲ್ಲಿ ಹಾದುಹೋಗಬೇಕಾಗಿರುವುದರಿಂದ ಅದು ಎಂದೂ ಪೂರ್ಣವಾಗಿ ಮುಚ್ಚಲಾರದು. ಅದರ ಒಳಬಾಯಿಯಲ್ಲಿಯೋ ಹಿಂಗೋಡೆಯಲ್ಲಿಯೋ ಕರುಳು ನುಸುಳಿದರೆ ಅದು ವಂಕ್ಷಣ ಹರ್ನಿಯಾ. ಇದರ ಕೆಳಗೆ, ತೊಡೆಗೆ ಇಳಿಯುವ ದೊಡ್ಡ ಅಭಿಧಮನಿಯ ಪಕ್ಕದಲ್ಲಿ, ಬೆರಳ ತುದಿ ಹಿಡಿಯುವಷ್ಟು ಕಿರಿದಾದ ಮತ್ತೊಂದು ಸಂದುಂಟು. ಅದು ಊರುನಾಳ. ಅಲ್ಲಿ ಕರುಳು ಇಳಿದರೆ ಊರುಹರ್ನಿಯಾ. ಮೊದಲನೆಯದು ಬಹುಮಟ್ಟಿಗೆ ಗಂಡಸರ ರೋಗ. ಎರಡನೆಯದು ಹೆಂಗಸರಲ್ಲಿ, ಅದರಲ್ಲಿಯೂ ವಯಸ್ಸಾದವರಲ್ಲಿ, ಹೆಚ್ಚು. ಊರುನಾಳದ ಬಾಯಿಯ ಸುತ್ತಲೂ ಸಡಿಲವಾಗದ ಗಟ್ಟಿ ತಂತುಗಳೂ ಎಲುಬೂ ಇರುವುದರಿಂದ ಅಲ್ಲಿ ಸಿಕ್ಕಿದ ಕರುಳು ಸುಲಭವಾಗಿ ಹಿಂದಿರುಗುವುದಿಲ್ಲ. ಸ್ವೀಡನ್ ದೇಶದ ಹರ್ನಿಯಾ ದಾಖಲೆಗಳನ್ನು ಪರಿಶೀಲಿಸಿ ೨೦೦೯ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಊರುಹರ್ನಿಯಾದ ಶಸ್ತ್ರಚಿಕಿತ್ಸೆಗಳಲ್ಲಿ ನೂರಕ್ಕೆ ಸುಮಾರು ೩೬ ತುರ್ತಿನವು. ವಂಕ್ಷಣ ಹರ್ನಿಯಾದಲ್ಲಿ ಇದು ನೂರಕ್ಕೆ ಸುಮಾರು ೫ ಮಾತ್ರ.

ಸಿಕ್ಕಿಕೊಳ್ಳುವುದು ಬೇರೆ, ಬಿಗಿದುಕೊಳ್ಳುವುದು ಬೇರೆ. ಉಬ್ಬು ಒಳಗೆ ಹೋಗದೆ ನಿಂತರೆ ಅದು ಸಿಕ್ಕಿಕೊಂಡ ಹರ್ನಿಯಾ. ಅದರ ಕೊರಳು ಇನ್ನಷ್ಟು ಬಿಗಿದಾಗ ಮೊದಲು ಅಭಿಧಮನಿಗಳು ಅದುಮಲ್ಪಟ್ಟು ರಕ್ತವು ಹಿಂದಿರುಗಲಾರದೆ ನಿಲ್ಲುತ್ತದೆ, ಕರುಳು ಊದಿಕೊಳ್ಳುತ್ತದೆ, ಊದಿದಷ್ಟೂ ಬಿಗಿತ ಹೆಚ್ಚುತ್ತದೆ, ಕಡೆಗೆ ಧಮನಿಗಳ ರಕ್ತವೂ ಬಾರದೆ ಆ ತುಣುಕು ಸಾಯುತ್ತದೆ. ಕೆಲವೊಮ್ಮೆ ಕರುಳಿನ ಸುತ್ತಳತೆಯಲ್ಲಿ ಒಂದು ಮಗ್ಗುಲು ಮಾತ್ರ ಸಿಕ್ಕಿಕೊಳ್ಳುವುದುಂಟು. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ರಿಕ್ಟರ್ ಎಂಬ ಶಸ್ತ್ರವೈದ್ಯನು ಇದನ್ನು ವಿವರಿಸಿದನು. ಇಂಥ ರೋಗಿಗೆ ಮಲವಿಸರ್ಜನೆ ನಿಲ್ಲದೆ ಇರಬಹುದು. ಆದ್ದರಿಂದ ಅಜೀರ್ಣವೆಂದೋ ವಾಯುವೆಂದೋ ಕಷಾಯ ಕುಡಿಸುತ್ತ ಎರಡು ದಿನ ಕಳೆಯುವುದು ಸುಲಭ. ಕರುಳಾದರೋ ಒಳಗೆ ಕೊಳೆಯುತ್ತಿರುತ್ತದೆ.

ಹರ್ನಿಯಾ ಇದ್ದವರೆಲ್ಲರಿಗೂ ಹೀಗಾಗುತ್ತದೆಂದು ಹೇಳಲಾಗದು. ಅಮೆರಿಕದಲ್ಲಿ ಹೆಚ್ಚು ನೋವಿಲ್ಲದ ವಂಕ್ಷಣ ಹರ್ನಿಯಾವುಳ್ಳ ೭೨೦ ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಡನೆಯೇ ಶಸ್ತ್ರಚಿಕಿತ್ಸೆ ನಡೆಸಿ, ಇನ್ನೊಂದನ್ನು ಸುಮ್ಮನೆ ಗಮನಿಸುತ್ತ ಬಂದ ಪರೀಕ್ಷೆಯೊಂದರ ಫಲ ೨೦೦೬ರಲ್ಲಿ ಪ್ರಕಟವಾಯಿತು. ಕಾದು ನೋಡಿದ ಗುಂಪಿನಲ್ಲಿ ಸಾವಿರ ಜನ ಒಂದು ವರ್ಷ ಕಾದರೆ ಇಬ್ಬರಿಗಿಂತಲೂ ಕಡಮೆ ಮಂದಿಗೆ ತುರ್ತು ಒದಗಿತು. ಆದರೆ ಹತ್ತು ವರ್ಷಗಳಲ್ಲಿ ಆ ಗುಂಪಿನ ಮೂರರಲ್ಲಿ ಎರಡು ಪಾಲು ಜನ ನೋವು ಹೆಚ್ಚಿತೆಂಬ ಮುಖ್ಯ ಕಾರಣದಿಂದ ತಾವಾಗಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಈ ಅಂಕಿಗಳನ್ನು ಮಲೆನಾಡಿಗೆ ಹಾಗೆಯೇ ತಂದು ಅನ್ವಯಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಾಯುವುದು ಕ್ಷೇಮವೆನ್ನುವ ಮಾತು, ತುರ್ತು ಬಂದಾಗ ಆಸ್ಪತ್ರೆ ಕೈಗೆ ಎಟುಕುವಷ್ಟು ಹತ್ತಿರವಿರುವವರಿಗೆ ಹೇಳಿದ ಮಾತು. ಊರುಹರ್ನಿಯಾಕ್ಕಂತೂ ಅದು ಎಲ್ಲಿಯೂ ಸಲ್ಲುವುದಿಲ್ಲ.

ವಿಷಯವನ್ನು ಸ್ಪಷ್ಟಪಡಿಸಲು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಕಳಸದ ಆಚೆ, ಭದ್ರಾನದಿಯ ಇನ್ನೊಂದು ದಡದಲ್ಲಿರುವ ತೋಟದ ಲೈನು ಮನೆಯಲ್ಲಿ ವಾಸಿಸುವ ಅರುವತ್ತು ವರ್ಷದ ಆಳು. ಹತ್ತು ವರ್ಷಗಳಿಂದ ಬಲಸಂದಿನಲ್ಲಿ ಉಬ್ಬು ಇದೆ. ಮಲಗಿ ಕೈಯಿಂದ ಒತ್ತಿದರೆ ಒಳಗೆ ಹೋಗುತ್ತದೆ. ಜುಲೈ ತಿಂಗಳ ಒಂದು ಸಂಜೆ ಗೊಬ್ಬರದ ಚೀಲ ಎತ್ತಿದ ಮೇಲೆ ಅದು ಒಳಗೆ ಹೋಗಲಿಲ್ಲ. ರಾತ್ರಿ ಹೊಟ್ಟೆ ನುಲಿಯತೊಡಗಿತು, ವಾಂತಿಯಾಯಿತು. ಈತನು ನಾಲ್ಕು ಗಂಟೆಗಳಲ್ಲಿ ಶಸ್ತ್ರವೈದ್ಯನನ್ನು ತಲುಪಿದರೆ ಏನು, ಹನ್ನೆರಡು ಗಂಟೆಗಳಲ್ಲಿ ತಲುಪಿದರೆ ಏನು, ಮೂವತ್ತು ಗಂಟೆಗಳಲ್ಲಿ ತಲುಪಿದರೆ ಏನು ಎಂಬುದೇ ಈ ಲೇಖನದ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರಿಸುವ ಮೊದಲು ಹಿಂದಿನವರು ಇಂಥವನಿಗೆ ಏನು ಮಾಡುತ್ತಿದ್ದರೆಂಬುದನ್ನು ನೋಡೋಣ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಏಳು ಬಗೆಯ ವೃದ್ಧಿರೋಗಗಳನ್ನು ಹೇಳಿದೆ. ಏಳನೆಯದೇ ಅಂತ್ರವೃದ್ಧಿ. ಭಾರ ಹೊರುವುದು, ತನಗಿಂತ ಬಲಶಾಲಿಯೊಡನೆ ಸೆಣಸುವುದು, ಮರದಿಂದ ಬೀಳುವುದು ಇವೇ ಮುಂತಾದುವು ಅದಕ್ಕೆ ಕಾರಣಗಳೆಂದು ಗ್ರಂಥಕಾರನು ಎಣಿಸಿದ್ದಾನೆ. ಕಾಫಿಯ ಮೂಟೆ ಹೊತ್ತು ಇಳಿಜಾರು ಹತ್ತುವ, ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಬಿಡಿಸುವ, ಮಳೆಗಾಲಕ್ಕೆ ಮೊದಲು ಮರಗಸಿ ಮಾಡುವ ಜನರ ನಡುವೆ ಇರುವವರಿಗೆ ಈ ಪಟ್ಟಿ ದೂರದ್ದೆನಿಸುವುದಿಲ್ಲ. ಭಾರವೆತ್ತುವುದೊಂದೇ ಕಾರಣವೆಂಬುದನ್ನು ಇಂದಿನ ವೈದ್ಯಶಾಸ್ತ್ರ ಪೂರ್ಣವಾಗಿ ಒಪ್ಪುವುದಿಲ್ಲ. ಹುಟ್ಟಿನಿಂದ ಬಂದ ದೌರ್ಬಲ್ಯ, ವಯಸ್ಸು, ಬಹುಕಾಲದ ಕೆಮ್ಮು ಇವನ್ನೂ ಅದು ಎಣಿಸುತ್ತದೆ. ಅದಂತಿರಲಿ. ಒತ್ತಿದರೆ ಶಬ್ದದೊಡನೆ ಮೇಲಕ್ಕೆ ಹೋಗಿ, ಬಿಟ್ಟರೆ ಮತ್ತೆ ಉಬ್ಬುತ್ತದೆಂಬ ಸುಶ್ರುತನ ಲಕ್ಷಣನಿರೂಪಣೆಯನ್ನು ಇಂದಿನ ವಿದ್ಯಾರ್ಥಿಯೂ ತಿದ್ದಬೇಕಾಗಿಲ್ಲ. ಚಿಕಿತ್ಸೆಯಲ್ಲಿಯೂ ಆತನು ಸ್ಪಷ್ಟ. ಉಬ್ಬು ಸಂದಿನಲ್ಲಿಯೇ ಇರುವಾಗ, ಅದು ಇಳಿಯುವ ದಾರಿಯನ್ನು ಮುಚ್ಚುವುದಕ್ಕಾಗಿ, ಅರ್ಧಚಂದ್ರದಂಥ ಬಾಯುಳ್ಳ ಉಪಕರಣದಿಂದ ಸುಡಬೇಕು. ವೃಷಣಕೋಶವನ್ನು ತಲುಪಿದ್ದನ್ನು ಮುಟ್ಟಬಾರದು. ದಾರಿಯನ್ನು ಮುಚ್ಚಬೇಕೆಂಬುದು ಸರಿಯಾದ ವಿಚಾರವೇ; ಮುಚ್ಚುವ ಉಪಾಯ ದೊರೆಯಲು ಬಹುಕಾಲ ಹಿಡಿಯಿತು. ಅದೇ ಸಂಹಿತೆಯಲ್ಲಿ ಹರ್ನಿಯಾಕ್ಕೆ ಸಂಬಂಧಿಸದ ಬೇರೆ ಉದರರೋಗಗಳಲ್ಲಿ ಹೊಟ್ಟೆಯನ್ನು ಸೀಳಿ, ರಂಧ್ರಬಿದ್ದ ಕರುಳಿನ ಅಂಚುಗಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ ಕೂಡಿಸುವ ವಿಧಾನವೂ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಯೂರೋಪಿನ ಚರಿತ್ರೆ ಇದಕ್ಕಿಂತ ಮೇಲಾಗಿತ್ತೆಂದು ಹೇಳುವಂತಿಲ್ಲ. ಮಧ್ಯಯುಗದಲ್ಲಿ ಹರ್ನಿಯಾದ ಜೊತೆಗೆ ವೃಷಣವನ್ನೂ ಕತ್ತರಿಸಿ ತೆಗೆಯುವ ಪದ್ಧತಿ ಬಹುವಾಗಿ ನಡೆಯಿತು. ಬಿಗಿದ ಹರ್ನಿಯಾಕ್ಕೆ ಕೈಯಿಂದ ಒತ್ತಿ ಒಳಗೆ ಕಳುಹಿಸುವುದೇ ಬಹುಕಾಲದವರೆಗೆ ಮುಖ್ಯ ಚಿಕಿತ್ಸೆಯಾಗಿತ್ತು. ರಾಜರೂ ಇದರಿಂದ ಪಾರಾಗಲಿಲ್ಲ. ಇಂಗ್ಲೆಂಡಿನ ರಾಣಿ ಕ್ಯಾರೊಲಿನಳು ಹೊಕ್ಕುಳ ಬಳಿಯ ಬಿಗಿದ ಹರ್ನಿಯಾದಿಂದ ೧೭೩೭ರಲ್ಲಿ ತೀರಿಕೊಂಡಳು. ೧೭೯೩ರಲ್ಲಿ ಸ್ಪೇನ್ ದೇಶದ ಗಿಂಬರ್ನಾಟ್ ಎಂಬವನು ಊರುನಾಳದ ಒಳಮಗ್ಗುಲಿನಲ್ಲಿರುವ ಚೂಪಾದ ತಂತುವನ್ನು ಕತ್ತರಿಸಿ ಕರುಳನ್ನು ಬಿಡಿಸುವ ವಿಧಾನವನ್ನು ಪ್ರಕಟಿಸಿದನು. ಆ ತಂತುವಿಗೆ ಇಂದಿಗೂ ಅವನ ಹೆಸರಿದೆ. ಕೆಲವರಲ್ಲಿ ಆ ತಂತುವಿನ ಹಿಂದೆಯೇ ರಕ್ತನಾಳವೊಂದು ಹಾದುಹೋಗುವುದರಿಂದ ಕಾಣದೆ ಕತ್ತರಿಸುವುದು ಅಪಾಯಕರ. ಹೀಗೆ ಬಿಗಿತವನ್ನು ಬಿಡಿಸುವ ಮಾರ್ಗ ಗೊತ್ತಾಯಿತಾದರೂ ನೋವಿಗೆ ಅರಿವಳಿಕೆಯಿರಲಿಲ್ಲ, ಕೀವಿಗೆ ತಡೆಯಿರಲಿಲ್ಲ. ೧೮೪೬ರಲ್ಲಿ ಈಥರ್, ೧೮೬೭ರಲ್ಲಿ ಲಿಸ್ಟರನ ಪೂತಿನಾಶಕ ವಿಧಾನ ಬಂದ ಮೇಲೆಯೇ ಹೊಟ್ಟೆಯ ಗೋಡೆಯನ್ನು ನಿಧಾನವಾಗಿ ಬಿಚ್ಚಿ ನೋಡಿ ಹೊಲಿಯುವ ಅವಕಾಶ ದೊರೆತದ್ದು.

ಆ ಅವಕಾಶವನ್ನು ಸಾರ್ಥಕಪಡಿಸಿದವನು ಇಟಲಿಯ ಎಡುಆರ್ಡೊ ಬಸ್ಸೀನಿ. ಈತನ ಜೀವನದ ಒಂದು ಸಂಗತಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಆಸಕ್ತಿಯನ್ನುಂಟುಮಾಡೀತು. ವೈದ್ಯಪದವಿ ಪಡೆದ ತರುಣ ಬಸ್ಸೀನಿ ಗ್ಯಾರಿಬಾಲ್ಡಿಯ ಪಕ್ಷದ ಸ್ವಯಂಸೈನಿಕರೊಡನೆ ಸೇರಿ, ೧೮೬೭ರ ಅಕ್ಟೋಬರಿನಲ್ಲಿ ರೋಮ್ ನಗರದ ಹೊರಗೆ ವಿಲ್ಲಾ ಗ್ಲೋರಿ ಎಂಬಲ್ಲಿ ನಡೆದ ಕಾಳಗದಲ್ಲಿ ಬಲಸಂದಿಗೆ ಬಯೊನೆಟ್ಟಿನ ಇರಿತ ತಿಂದು ಸೆರೆಸಿಕ್ಕಿದನು. ಕರುಳಿಗೆ ತಾಗಿದ ಆ ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಮುಂದೆ ಪಾದುವಾ ನಗರದಲ್ಲಿ ಪ್ರಾಧ್ಯಾಪಕನಾಗಿ ಆತನು ಸಂದಿನ ರಚನೆಯನ್ನು ಪದರ ಪದರವಾಗಿ ಅಭ್ಯಾಸಮಾಡಿ, ೧೮೮೭ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. ಚೀಲವನ್ನು ಮೇಲಿನವರೆಗೆ ಬಿಡಿಸಿ ಕಟ್ಟಿ ಕತ್ತರಿಸುವುದು, ವಂಕ್ಷಣನಾಳದ ಹಿಂಗೋಡೆಯನ್ನು ತೆರೆದು ಹೊಟ್ಟೆಯ ಮಾಂಸಪದರಗಳನ್ನು ಕೆಳಗಿನ ತಂತುಪಟ್ಟಿಗೆ ಬಿಡಿಬಿಡಿಯಾದ ಹೊಲಿಗೆಗಳಿಂದ ಕೂಡಿಸುವುದು ಇದರ ಸಾರ. ಹರ್ನಿಯಾ ಮರುಕಳಿಸುವುದು ಇದರಿಂದ ಬಹುಮಟ್ಟಿಗೆ ಕಡಮೆಯಾಯಿತು. ಇದನ್ನೇ ತಿದ್ದಿ ಬೆಳಸಿದವರು ಹಲವರು. ಕೆನಡದ ಟೊರಾಂಟೊ ನಗರದ ಶೌಲ್ಡೈಸ್ ಪದರಗಳನ್ನು ಒಂದರ ಮೇಲೊಂದು ಮಡಿಸಿ ಹೊಲಿದನು. ನಮ್ಮ ದೇಶದ ಪುಣೆಯ ಡಾ. ಮೋಹನ ದೇಸರ್ದಾ ಅವರು ರೋಗಿಯ ಹೊಟ್ಟೆಯ ಹೊರಪದರದಿಂದಲೇ ಒಂದು ಪಟ್ಟಿಯನ್ನು, ಎರಡು ತುದಿಗಳೂ ಅಂಟಿಕೊಂಡಿರುವಂತೆ ಬಿಡಿಸಿ, ಹಿಂಗೋಡೆಗೆ ತೇಪೆಯಾಗಿ ಹೊಲಿಯುವ ವಿಧಾನವನ್ನು ೨೦೦೧ರಲ್ಲಿ ಪ್ರಕಟಿಸಿದರು.

ಇವೆಲ್ಲವೂ ರೋಗಿಯ ಸ್ವಂತ ಮಾಂಸವನ್ನೇ ಎಳೆದು ಕೂಡಿಸುವ ಕ್ರಮಗಳು. ಎಳೆದ ಹೊಲಿಗೆಯಲ್ಲಿ ಬಿಗುವುಂಟು. ಬಿಗುವಿರುವ ಹೊಲಿಗೆ ಬಿಡುವುದೂ ಉಂಟು. ಪರ್ಯಾಯವಾಗಿ ಪ್ಲಾಸ್ಟಿಕ್ ನೂಲಿನ ಜಾಲರಿಯನ್ನು ದುರ್ಬಲವಾದ ಎಡೆಯ ಮೇಲೆ ಹಾಸಿ ಹೊಲಿಯುವ ಪ್ರಯೋಗಗಳು ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಅಷರ್ ಎಂಬವನಿಂದ ನಡೆದವು. ಲಾಸ್ ಏಂಜಲೀಸಿನ ಲಿಕ್ಟೆನ್‌ಸ್ಟೈನನೂ ಸಂಗಡಿಗರೂ ಸಾವಿರ ರೋಗಿಗಳ ಫಲವನ್ನು ೧೯೮೯ರಲ್ಲಿ ವರದಿಮಾಡಿದ ಮೇಲೆ ಜಾಲರಿಯೇ ಸಾಮಾನ್ಯ ಕ್ರಮವಾಯಿತು. ಬಸ್ಸೀನಿಯ ಹೊಲಿಗೆ ಪಠ್ಯಪುಸ್ತಕಗಳಲ್ಲಿ ಚರಿತ್ರೆಯ ಅಧ್ಯಾಯಕ್ಕೆ ಸೇರಿತು. ಆದರೆ ಪೂರ್ಣವಾಗಿ ಸೇರಲಿಲ್ಲ. ಏಕೆಂಬುದನ್ನು ನಮ್ಮ ಕಲ್ಪಿತ ರೋಗಿಯ ಮೂಲಕವೇ ತಿಳಿಯಬಹುದು.

ಆತನು ನಾಲ್ಕು ಗಂಟೆಗಳೊಳಗೆ ತಲುಪಿದನೆಂದು ಇಟ್ಟುಕೊಳ್ಳೋಣ. ಉಬ್ಬಿನ ಮೇಲಿನ ಚರ್ಮ ಕೆಂಪಾಗಿಲ್ಲ, ಜ್ವರವಿಲ್ಲ, ಹೊಟ್ಟೆ ಬಿರುಸಾಗಿಲ್ಲ. ಇಂಥಲ್ಲಿ ವೈದ್ಯನು ನೋವು ತಗ್ಗಿಸುವ ಔಷಧ ಕೊಟ್ಟು, ರೋಗಿಯ ತಲೆಯ ಕಡೆಯನ್ನು ತಗ್ಗಿಸಿ ಮಲಗಿಸಿ, ಮೆಲ್ಲನೆ ಒತ್ತಿ ಉಬ್ಬನ್ನು ಒಳಗೆ ಕಳುಹಿಸಲು ಯತ್ನಿಸಬಹುದು. ಇದು ಹಳೆಯ ಉಪಾಯವೇ. ಆದರೆ ಹಳಬರಂತೆ ಬಲವನ್ನು ಹಾಕುವಂತಿಲ್ಲ. ಬಲವಾಗಿ ಒತ್ತಿದರೆ ಬಿಗಿದ ಕೊರಳಿನೊಡನೆ ಇಡೀ ಚೀಲವೇ ಒಳಸರಿದು, ಹೊರಗೆ ಉಬ್ಬು ಮಾಯವಾದರೂ ಒಳಗೆ ಕರುಳು ಬಿಗಿದೇ ಇರಬಹುದು. ಸತ್ತ ಕರುಳು ಹೊಟ್ಟೆಯೊಳಗೆ ಸೇರಿದರಂತೂ ಪ್ರಾಣಕ್ಕೇ ಸಂಚಕಾರ. ಬಿಗಿತದ ಲಕ್ಷಣಗಳು ಕಂಡಲ್ಲಿ ಆದ್ದರಿಂದ ಈ ಯತ್ನವನ್ನೇ ಮಾಡಬಾರದು. ಒಳಗೆ ಹೋದರೂ ರೋಗಿಯನ್ನು ಮನೆಗೆ ಕಳುಹಿಸದೆ ಗಮನದಲ್ಲಿಟ್ಟುಕೊಂಡು, ಊತ ಇಳಿದ ಬಳಿಕ, ಸಾಧ್ಯವಾದರೆ ಅದೇ ವಾಸ್ತವ್ಯದಲ್ಲಿ, ಶಸ್ತ್ರಚಿಕಿತ್ಸೆ ಮಾಡುವುದು ಉಚಿತ. ಮಲೆನಾಡಿನಲ್ಲಿ ಈ ಮಾತಿಗೆ ಎರಡರಷ್ಟು ತೂಕವಿದೆ. ನೋವು ಹೋಯಿತೆಂದು ಬಸ್ಸು ಹತ್ತಿದವನು ಮುಂದಿನ ಸಲ ಎಷ್ಟು ಗಂಟೆಗೆ ಬಂದಾನೆಂದು ಹೇಳಬಲ್ಲವರಾರು?

ಒಳಗೆ ಹೋಗದಿದ್ದರೆ ಶಸ್ತ್ರಚಿಕಿತ್ಸೆಯೇ ಸರಿ. ಮೊದಲು ನಾಳದ ಮೂಲಕ ಲವಣದ್ರವ ಕೊಟ್ಟು, ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿ ತುಂಬಿದ ದ್ರವವನ್ನು ಹೊರತೆಗೆದು, ಜೀವಿರೋಧಕ ಔಷಧಗಳನ್ನು ಆರಂಭಿಸುತ್ತಾರೆ. ಅರಿವಳಿಕೆಯಲ್ಲಿಯೂ ಆಯ್ಕೆಯುಂಟು. ಸಂದಿಗೆ ಮಾತ್ರ ಮದ್ದು ಚುಚ್ಚಿ ಮರಗಟ್ಟಿಸುವ ಕ್ರಮವನ್ನು ಹರ್ನಿಯಾದಲ್ಲಿ ಅಮೆರಿಕದ ಕುಶಿಂಗ್ ೧೯೦೦ರಲ್ಲಿಯೇ ವಿವರಿಸಿದ್ದನು. ಕರುಳು ಕೊಳೆತಿಲ್ಲವೆಂದು ತೋರುವ ವೃದ್ಧರಿಗೂ ಹೃದಯ ಶ್ವಾಸಕೋಶಗಳು ದುರ್ಬಲವಾಗಿರುವವರಿಗೂ ಇದು ಇಂದಿಗೂ ಒಳ್ಳೆಯ ದಾರಿ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚುವ ಅರಿವಳಿಕೆ ಇನ್ನೊಂದು. ಹೊಟ್ಟೆಯನ್ನೇ ತೆರೆಯಬೇಕಾದೀತೆಂಬ ಸಂಶಯವಿದ್ದಲ್ಲಿ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಅದಕ್ಕೆ ತಜ್ಞನೊಬ್ಬನು ಹಾಜರಿರಲೇಬೇಕು.

ಸಂದಿನ ಮೇಲೆ ಓರೆಯಾಗಿ ಛೇದಿಸಿ ಚೀಲವನ್ನು ತಲುಪಿದ ಮೇಲೆ ಒಂದು ನಿಯಮವನ್ನು ತಪ್ಪದೆ ಪಾಲಿಸಬೇಕು. ಮೊದಲು ಚೀಲವನ್ನು ತೆರೆದು ಕರುಳನ್ನು ಹಿಡಿದುಕೊಂಡು, ಬಿಗಿದ ಉಂಗುರವನ್ನು ಆಮೇಲೆ ಕತ್ತರಿಸಬೇಕು. ಕ್ರಮ ತಪ್ಪಿದರೆ ಪರೀಕ್ಷಿಸದ ಕರುಳು ಒಳಕ್ಕೆ ಜಾರಿಬಿಡುತ್ತದೆ. ಹಾಗೆ ಜಾರಿದಾಗ ಹಿಂದೆ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಹುಡುಕಬೇಕಾಗಿತ್ತು; ಈಗ ಅದೇ ಚೀಲದ ಬಾಯಿಯಿಂದ ದೂರದರ್ಶಕದ ಕೊಳವೆಯನ್ನು ತೂರಿಸಿ ನೋಡುವ ಉಪಾಯ ಬಂದಿದೆ. ಹೊರತೆಗೆದ ಕರುಳನ್ನು ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಸುತ್ತಿ, ರೋಗಿಗೆ ಆಮ್ಲಜನಕ ಕೊಟ್ಟು, ಕೆಲವು ನಿಮಿಷ ಕಾಯುತ್ತಾರೆ. ಕಪ್ಪು ಹೋಗಿ ಕೆಂಪು ಬಂತೆ, ಹೊಳಪು ಮರಳಿತೆ, ಮುಟ್ಟಿದರೆ ಅಲುಗುತ್ತದೆಯೆ, ಅದಕ್ಕೆ ಹೋಗುವ ಧಮನಿ ಮಿಡಿಯುತ್ತದೆಯೆ? ಎಲ್ಲ ತೀರ್ಮಾನಗಳೂ ಈ ಕೆಲವು ನಿಮಿಷಗಳ ನಿರೀಕ್ಷೆಯನ್ನು ಅವಲಂಬಿಸಿವೆ. ನಾಲ್ಕು ಗಂಟೆಯವನ ಕರುಳು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಅದನ್ನು ಹೊಟ್ಟೆಯೊಳಗೆ ಸೇರಿಸಿ, ಎಡೆಯ ಮೇಲೆ ಜಾಲರಿ ಹಾಸಿ ಮುಗಿಸಬಹುದು. ಈತನಿಗೆ ದೊರೆಯುವುದು ೧೯೮೯ರ ಚಿಕಿತ್ಸೆ.

ಹನ್ನೆರಡು ಗಂಟೆಗೆ ಬಂದವನ ಕರುಳು ಒಂದು ಗೇಣಿನಷ್ಟು ಕಪ್ಪಾಗಿಯೇ ಉಳಿಯಿತೆನ್ನೋಣ. ಆರು ಗಂಟೆಗಳಾಚೆಗೆ ಕರುಳನ್ನು ಕತ್ತರಿಸಬೇಕಾಗುವ ಸಂಭವ ಏರತೊಡಗುತ್ತದೆಂದು ಅನುಭವಿಗಳು ಹೇಳುತ್ತಾರೆ. ಆದರೆ ಬಿಗಿತದ ತೀವ್ರತೆಗನುಸಾರವಾಗಿ ಇದು ರೋಗಿಯಿಂದ ರೋಗಿಗೆ ಬೇರೆಯಾಗುತ್ತದೆ. ಸತ್ತ ಭಾಗವನ್ನು ಕತ್ತರಿಸಿ ತೆಗೆದು ಆರೋಗ್ಯವಾದ ಎರಡು ತುದಿಗಳನ್ನು ಕೂಡಿಸಿ ಹೊಲಿಯಬೇಕು. ಬಳಿಕ ಜಾಲರಿ ಹಾಸಬಹುದೆ? ಕರುಳು ತೆರೆದಲ್ಲಿ ಜೀವಾಣುಗಳಿರುತ್ತವೆ. ಪರಕೀಯ ವಸ್ತುವಿನಲ್ಲಿ ಅವು ಮನೆಮಾಡಿದರೆ ಕೀವು ತಿಂಗಳುಗಟ್ಟಲೆ ನಿಲ್ಲದು. ಆದ್ದರಿಂದ ಬಹುಕಾಲ ಇಲ್ಲಿ ಜಾಲರಿ ನಿಷಿದ್ಧವೆಂದೇ ಕಲಿಸುತ್ತಿದ್ದರು. ತುರ್ತು ಶಸ್ತ್ರವೈದ್ಯರ ಜಾಗತಿಕ ಸಂಘವು ೨೦೧೩ರಲ್ಲಿ ಪ್ರಕಟಿಸಿ ೨೦೧೭ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳು ಈ ನಿಷೇಧವನ್ನು ಸಡಿಲಿಸಿವೆ: ಕರುಳಿನ ಒಳವಸ್ತು ಚೆಲ್ಲಿಲ್ಲವಾದರೆ ಕರುಳನ್ನು ಕತ್ತರಿಸಿದ್ದರೂ ಜಾಲರಿ ಹಾಕಬಹುದು. ‘ಹಾಕಬಹುದು’ ಎಂಬ ಕ್ರಿಯಾಪದವನ್ನು ಗಮನಿಸಬೇಕು. ಅಪರಾತ್ರಿಯಲ್ಲಿ, ಕಡಮೆ ಸೌಕರ್ಯದ ಕೋಣೆಯಲ್ಲಿ ನಿಂತ ವೈದ್ಯನು ಹೊಲಿಗೆಯನ್ನೇ ಆರಿಸಿದರೆ ಆತನನ್ನು ಹಿಂದುಳಿದವನೆಂದು ಯಾರೂ ಹೇಳಲಾಗದು.

ಮೂವತ್ತು ಗಂಟೆಯವನ ಸಂಗತಿ ಬೇರೆ. ಕರುಳು ತೂತುಬಿದ್ದು ಮಲಿನದ್ರವ ಹರಡಿದೆ; ಉದರದ ಪೊರೆ ಉರಿಯೂತಕ್ಕೆ ಸಿಕ್ಕಿದೆ; ನಾಡಿ ಕುಗ್ಗಿದೆ. ಇಲ್ಲಿ ಹೊಟ್ಟೆಯನ್ನು ನಡುವೆ ತೆರೆದು ತೊಳೆಯಬೇಕಾಗುತ್ತದೆ. ಕರುಳಿನ ತುದಿಗಳನ್ನು ಕೂಡಿಸುವಷ್ಟು ಶಕ್ತಿ ರೋಗಿಯಲ್ಲಿ ಇಲ್ಲದಿದ್ದರೆ ಅವನ್ನು ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ತೆರೆದಿಡುವುದೂ ಉಂಟು. ಪ್ಲಾಸ್ಟಿಕ್ ಜಾಲರಿಯ ಪ್ರಶ್ನೆ ಏಳುವುದಿಲ್ಲ. ಎಡೆ ಮೂರು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ರೋಗಿಯ ಸ್ವಂತ ಪದರಗಳನ್ನೇ ಹೊಲಿಯಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಪ್ರಾಣಿಗಳ ಅಂಗಾಂಶದಿಂದ ತಯಾರಿಸಿದ ಜಾಲರಿಗಳುಂಟಾದರೂ ಅವುಗಳ ಬೆಲೆ ವಿಪರೀತ. ಎಂದ ಮೇಲೆ, ತಡವಾಗಿ ಬಂದ ರೋಗಿಯ ಪಾಲಿಗೆ ಉಳಿಯುವುದು ೧೮೮೭ರ ಬಸ್ಸೀನಿಯ ಹೊಲಿಗೆ, ಇಲ್ಲವೆ ಅದರ ವಂಶದ ಮತ್ತೊಂದು. ದೇಸರ್ದಾ ಅವರ ವಿಧಾನಕ್ಕೆ ಇಂಥಲ್ಲಿ ವಿಶೇಷ ಬೆಲೆ ಬರುವುದು, ಪರಕೀಯ ವಸ್ತುವನ್ನು ಬಳಸದೆಯೇ ತೇಪೆ ಹಾಕುವ ಅದರ ಗುಣದಿಂದ. ಹಳೆಯ ಹೊಲಿಗೆಯನ್ನು ಕಲಿಸುವುದನ್ನು ವೈದ್ಯಕೀಯ ವಿದ್ಯಾಲಯಗಳು ಕೈಬಿಡಬಾರದೆಂಬ ವಾದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಾಗಿಲ್ಲ.

ಊರುಹರ್ನಿಯಾದ ತುರ್ತಿನಲ್ಲಿ ದಾರಿಗಳು ಮೂರು: ಸಂದಿನ ಕೆಳಗಿನಿಂದ ಹೋಗುವ ಲಾಕ್‌ವುಡ್ಡನದು, ವಂಕ್ಷಣನಾಳದ ಮೂಲಕ ಹೋಗುವ ಲೋಥೈಸೆನ್ನನದು, ಮೇಲಿನಿಂದ ಇಳಿಯುವ ಮೆಕ್‌ಇವೆಡಿಯದು. ಕರುಳನ್ನು ಕತ್ತರಿಸಬೇಕಾದೀತೆಂಬ ಸಂಶಯವಿದ್ದರೆ ಮೇಲಿನದೇ ಅನುಕೂಲ, ಏಕೆಂದರೆ ಕೆಳಗಿನ ಕಿರಿದಾದ ಬಾಯಿಯಿಂದ ಕರುಳನ್ನು ಸಾಕಷ್ಟು ಹೊರಗೆಳೆಯಲಾಗದು. ದೂರದರ್ಶಕದ ಮೂಲಕ ಸಣ್ಣ ರಂಧ್ರಗಳಿಂದ ನಡೆಸುವ ಶಸ್ತ್ರಚಿಕಿತ್ಸೆ ೧೯೯೦ರ ದಶಕದಿಂದ ಬಳಕೆಯಲ್ಲಿದೆ. ಕರುಳು ಬಿಗಿದಿಲ್ಲವೆಂಬ ಭರವಸೆಯಿರುವಾಗ, ಪಳಗಿದ ಕೈಗಳಲ್ಲಿ, ತುರ್ತಿಗೂ ಅದು ಒದಗುತ್ತದೆ.

ಜಾಲರಿಯ ಬೆಲೆಯ ವಿಚಾರದಲ್ಲಿ ಒಂದು ಮಾತು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಸಣ್ಣ ಊರಿನ ಶಸ್ತ್ರವೈದ್ಯ ಡಾ. ರವೀಂದ್ರ ತೊಂಗಾವಕರ್ ಮತ್ತು ಸಂಗಡಿಗರು, ಸೊಳ್ಳೆಪರದೆಯ ಬಟ್ಟೆಯನ್ನು ಕತ್ತರಿಸಿ ಶುದ್ಧೀಕರಿಸಿ ಜಾಲರಿಯಾಗಿ ಬಳಸಿ ಅದರ ಫಲವನ್ನು ೨೦೦೩ರಲ್ಲಿ ಪ್ರಕಟಿಸಿದರು. ಅನೇಕರು ನಕ್ಕಿರಬಹುದು. ಆದರೆ ಉಗಾಂಡ ದೇಶದಲ್ಲಿ ೩೦೨ ಗಂಡಸರ ಮೇಲೆ ಇಂಥ ಅಗ್ಗದ ಜಾಲರಿಯನ್ನೂ ಕಂಪೆನಿಯ ಜಾಲರಿಯನ್ನೂ ಹೋಲಿಸಿ ನೋಡಿ ೨೦೧೬ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ವರ್ಷದ ಕೊನೆಗೆ ಎರಡಕ್ಕೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ.

ಇನ್ನು ದಾರಿಯ ವಿಚಾರ. ಕಳಸದಿಂದ ಕೊಟ್ಟಿಗೆಹಾರ, ಮೂಡಿಗೆರೆಗಳ ಮೇಲೆ ಚಿಕ್ಕಮಗಳೂರಿಗೆ ಸುಮಾರು ೯೦ ಕಿಲೋಮೀಟರು. ಕುದುರೆಮುಖದ ಘಟ್ಟವಿಳಿದು ಕಾರ್ಕಳದ ಮೂಲಕ ಮಣಿಪಾಲಕ್ಕೂ ಹೆಚ್ಚುಕಡಮೆ ಅಷ್ಟೇ ದೂರ. ನಕಾಶೆಯಲ್ಲಿ ಇದು ಎರಡು ಗಂಟೆಯ ಪ್ರಯಾಣದಂತೆ ಕಂಡರೂ ತಿರುವುಗಳ ಮೇಲೆ, ಮಂಜಿನಲ್ಲಿ, ಮಳೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಕಳಸಕ್ಕೂ ಹೊರನಾಡಿಗೂ ನಡುವೆ ಭದ್ರೆಗೆ ಹಾಕಿದ ಹೆಬ್ಬಾಳೆಯ ಸೇತುವೆ ಮಳೆಗಾಲದಲ್ಲಿ ಮ��ಳುಗುವುದು ಆ ಸೀಮೆಯವರಿಗೆಲ್ಲ ಪರಿಚಿತವಾದ ಸಂಗತಿ. ೨೦೧೯ರ ಆಗಸ್ಟಿನ ಭೂಕುಸಿತದಲ್ಲಿ ಚಾರ್ಮಾಡಿ ಘಟ್ಟದ ರಸ್ತೆಯೇ ಮುಚ್ಚಿಹೋಗಿ ಮಂಗಳೂರಿನ ಕಡೆಯ ಆಸ್ಪತ್ರೆಗಳಿಗೆ ಮೂಡಿಗೆರೆಯ ನೇರ ಸಂಪರ್ಕ ಕಡಿದಿತ್ತು. ೨೦೦೮ರ ನವೆಂಬರಿನಲ್ಲಿ ಆರಂಭವಾದ ೧೦೮ ಸಂಖ್ಯೆಯ ಆಂಬುಲೆನ್ಸಿನಿಂದ ಬಹಳ ಉಪಕಾರವಾಗಿದೆಯಾದರೂ, ದೂರವಾಣಿಯ ಸಂಕೇತ ಸಿಕ್ಕದ ತೋಟಗಳಿಂದ ಮುಖ್ಯರಸ್ತೆಯವರೆಗಿನ ದಾರಿಯನ್ನು ಇಂದಿಗೂ ತೋಟದ ಜೀಪೇ ಸಾಗಿಸಬೇಕು. ಜೀಪು ಹೊರಡಬೇಕಾದರೆ ರೈಟರನ್ನು ಎಬ್ಬಿಸಬೇಕು; ರೈಟರನ್ನು ಎಬ್ಬಿಸುವ ಮೊದಲು ಬೆಳಗಾಗಲಿ ಎಂದು ಕಾಯುವ ಸಂಕೋಚವೊಂದಿದೆ. ಮೇಲೆ ಹೇಳಿದ ನಾಲ್ಕು ಗಂಟೆ ಹನ್ನೆರಡಾಗುವುದು ಬಹುಮಟ್ಟಿಗೆ ಈ ಸಂಕೋಚದಲ್ಲಿಯೇ. ಹೆಂಗಸರ ಸಂಕೋಚ ಇನ್ನೂ ದೊಡ್ಡದು. ಸಂದಿನಲ್ಲಿ ನೆಲ್ಲಿಕಾಯಿಯಷ್ಟು ಗಂಟೊಂದಿದೆಯೆಂದು ಮಗಳಿಗೂ ಹೇಳದೆ ವರ್ಷಗಳನ್ನು ಕಳೆಯುವುದುಂಟು. ಅಪಾಯ ಹೆಚ್ಚಿರುವ ಊರುಹರ್ನಿಯಾ ಅವರದೇ ಎಂಬುದನ್ನು ನೆನೆದರೆ ಇದು ಸಾಮಾನ್ಯ ಸಂಗತಿಯಲ್ಲ.

ಕಾಯಿದೆಯ ಚರಿತ್ರೆಯೂ ಇಲ್ಲಿ ಪ್ರಸ್ತುತವೇ. ೧೯೫೧ರ ತೋಟ ಕಾರ್ಮಿಕರ ಕಾಯಿದೆಯು ಆಳುಗಳಿಗೂ ಅವರ ಕುಟುಂಬದವರಿಗೂ ವೈದ್ಯಕೀಯ ಸೌಕರ್ಯ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಆದರೆ ಅದು ಅನ್ವಯಿಸಿದ್ದು ೨೫ ಎಕರೆಗೂ ೩೦ ಆಳುಗಳಿಗೂ ಕಡಮೆಯಿಲ್ಲದ ತೋಟಗಳಿಗೆ. ೧೯೮೧ರ ತಿದ್ದುಪಡಿಯಿಂದ ಈ ಮಿತಿ ೫ ಹೆಕ್ಟೇರಿಗೂ ೧೫ ಆಳುಗಳಿಗೂ ಇಳಿಯಿತು. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಅಲ್ಲಿ ದಿನಗೂಲಿಗೆ ಬರುವವರು ಈ ಕಾಯಿದೆಯ ಹೊರಗೇ ಉಳಿದರು. ೨೦೨೫ರ ನವೆಂಬರಿನಿಂದ ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆ ಇದರ ಸ್ಥಾನಕ್ಕೆ ಬಂದಿದೆ. ೨೦೦೩ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಾದರೋ ಸಹಕಾರ ಸಂಘಗಳ ಸದಸ್ಯರಿಗಾಗಿ ಏರ್ಪಟ್ಟದ್ದು. ಸಣ್ಣ ಬೆಳೆಗಾರನು ಅದರ ಸದಸ್ಯನಾಗಬಹುದಿತ್ತು, ಆತನ ತೋಟದಲ್ಲಿ ಚೀಲ ಹೊರುವವನಿಗೆ ಆ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಕಾಫಿ ಗಿಡದ ರೋಗಗಳ ಅಭ್ಯಾಸಕ್ಕೆ ಬಾಳೆಹೊನ್ನೂರಿನಲ್ಲಿ ೧೯೨೫ರಲ್ಲಿಯೇ ಸಂಶೋಧನಾಕೇಂದ್ರ ಸ್ಥಾಪಿತವಾಯಿತು. ಚಿಕ್ಕಮಗಳೂರಿಗೆ ಸರ್ಕಾರಿ ವೈದ್ಯಕೀಯ ವಿದ್ಯಾಲಯ ಬಂದದ್ದು ಇತ್ತೀಚೆಗೆ. ತಾಲ್ಲೂಕಿನ ಆಸ್ಪತ್ರೆಗಳಲ್ಲಿ ಹೊಲಿಯುವ ಕೈ ಇದ್ದರೂ ಅದೇ ರಾತ್ರಿ ಅರಿವಳಿಕೆಯ ವೈದ್ಯ ದೊರೆಯದಿದ್ದರೆ ರೋಗಿ ಇನ್ನೂ ಮುಂದಕ್ಕೆ ಸಾಗಬೇಕಾಗುತ್ತದೆ, ಗಡಿಯಾರವೂ ಸಾಗುತ್ತದೆ.

ಬಿಗಿಯುವ ಮೊದಲೇ, ಬಿಡುವಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಈ ಸಂಕಟವೇ ಇಲ್ಲವಷ್ಟೆ. ಆದರೆ ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿಯ ಕೊಯ್ಲು, ಅದರ ಬೆನ್ನಿಗೆ ಮೆಣಸು, ಆಮೇಲೆ ಮರಗಸಿ. ಕೂಲಿ ಹೆಚ್ಚು ದೊರೆಯುವ ಈ ತಿಂಗಳುಗಳನ್ನು ಯಾರೂ ಬಿಡಲೊಲ್ಲರು. ಕೆಲಸ ಕಡಮೆಯಾಗುವ ವೇಳೆಗೆ ಮಳೆ ಹಿಡಿದಿರುತ್ತದೆ. ಮೇಲಾಗಿ, ಹರ್ನಿಯಾ ಮಾಡಿಸಿಕೊಂಡವನು ಆರು ತಿಂಗಳು ಏನನ್ನೂ ಎತ್ತಬಾರದೆಂಬ ನಂಬಿಕೆ ಲೈನುಗಳಲ್ಲಿ ಬಲವಾಗಿದೆ. ಎಳೆದು ಹೊಲಿಯುತ್ತಿದ್ದ ಕಾಲದಲ್ಲಿ ವೈದ್ಯರೇ ಹಾಗೆ ದೀರ್ಘವಾದ ವಿಶ್ರಾಂತಿಯನ್ನು ವಿಧಿಸುತ್ತಿದ್ದರು. ಬಿಡುವಿನಲ್ಲಿ ನಡೆದ ಜಾಲರಿಯ ಶಸ್ತ್ರಚಿಕಿತ್ಸೆಯ ಬಳಿಕ, ನೋವು ತಡೆಯುವಷ್ಟಾದೊಡನೆ, ಬಹುಮಂದಿ ಮೂರರಿಂದ ಐದು ದಿನಗಳಲ್ಲಿಯೇ ತಮ್ಮ ಎಂದಿನ ಚಟುವಟಿಕೆಗಳಿಗೆ ಮರಳಬಹುದೆಂದು ೨೦೧೮ರ ಅಂತರರಾಷ್ಟ್ರೀಯ ಮಾರ್ಗಸೂಚಿ ತಿಳಿಸುತ್ತದೆ. ತಿಂಗಳುಗಟ್ಟಲೆ ಕೂಲಿ ಕಳೆದುಕೊಳ್ಳಬೇಕಾಗಿ ಬರುವುದು ಮೂವತ್ತು ಗಂಟೆಗೆ ಬಂದು, ಕರುಳು ಕತ್ತರಿಸಿಕೊಂಡು ಬದುಕಿ ಉಳಿದವನಿಗೆ.